ಮದ್ದು

ಕನ್ನಡದಲ್ಲಿ ಮದ್ದು ಎಂಬ ಮಾತು ಬಹಳ ಹಳೆಯದು. ಜ್ವರ ಬಂದರೆ ಕೊಡುವುದು ಮದ್ದು. ಕೋವಿಯ ನಳಿಗೆಗೆ ತುಂಬುವುದೂ ಮದ್ದು. ಆಗದವರಿಗೆ ಊಟದಲ್ಲಿ ಹಾಕುತ್ತಾರೆಂದು ಹಳ್ಳಿಗಳಲ್ಲಿ ಇಂದಿಗೂ ಹೆದರುವುದು ಕೈಮದ್ದು. ಬದುಕಿಸುವುದಕ್ಕೂ ಕೊಲ್ಲುವುದಕ್ಕೂ ನಮ್ಮ ಹಿರಿಯರು ಒಂದೇ ಹೆಸರನ್ನು ಯಾಕೆ ಇಟ್ಟರೋ! ಒಮ್ಮೆ ಎಂಟನೇ ತರಗತಿಯ ಪರೀಕ್ಷೆಯಲ್ಲಿ ಮಂಜರಾಬಾದ್ ಕೋಟೆಯ ಬಗ್ಗೆ ಟಿಪ್ಪಣಿ ಬರೆಯಲು ಕೊಟ್ಟಿದ್ದೆ. ಒಬ್ಬ ಹುಡುಗ, 'ಕೋಟೆಯ ನೆಲಮಾಳಿಗೆಯಲ್ಲಿ ಮದ್ದನ್ನು ಇಡುತ್ತಿದ್ದರು, ಸೈನಿಕರಿಗೆ ನೆಗಡಿ ಬರುತ್ತಿದ್ದುದರಿಂದ ಅದು ಬಹಳ ಉಪಯೋಗಕ್ಕೆ ಬರುತ್ತಿತ್ತು' ಎಂದು ಬರೆದಿದ್ದ. ಸಕಲೇಶಪುರದ ಮಳೆ ಕಂಡವರಿಗೆ ಅವನ ತರ್ಕ ತಪ್ಪೆನ್ನಿಸುವುದಿಲ್ಲ. ಅರ್ಧ ಅಂಕ ಕೊಟ್ಟೆ.

ನಮ್ಮ ಊರು ದೊಡ್ಡಗದ್ದವಳ್ಳಿ. ಹಾಸನದಿಂದ ಬೇಲೂರಿಗೆ ಹೋಗುವ ದಾರಿಯಲ್ಲಿ ಒಳಕ್ಕೆ ತಿರುಗಿದರೆ ಸಿಗುತ್ತದೆ. ಕೆರೆಯ ಪಕ್ಕದಲ್ಲಿ ಲಕ್ಷ್ಮೀದೇವಿಯ ಗುಡಿ. ವಿಷ್ಣುವರ್ಧನನ ಕಾಲದಲ್ಲಿ, 1113ರಲ್ಲಿ, ಕುಲ್ಲಹಣ ರಾಹುತನೆಂಬ ವರ್ತಕನೂ ಅವನ ಹೆಂಡತಿ ಸಹಜಾದೇವಿಯೂ ಸೇರಿ ಕಟ್ಟಿಸಿದ್ದು. ಹೆಂಡತಿಯ ಹೆಸರನ್ನೂ ಶಾಸನದಲ್ಲಿ ಹಾಕಿಸಿದ್ದಾರೆ ನೋಡಿ, ಅದಕ್ಕಾಗಿಯೇ ಆ ಮಹಾರಾಯನ ಮೇಲೆ ನನಗೆ ಗೌರವ. ಲಕ್ಷ್ಮಿ, ಕಾಳಿ, ಶಿವ, ಭೈರವ ಎಂದು ನಾಲ್ಕು ಗರ್ಭಗುಡಿಗಳು. ಕಾಳಿಯ ಬಾಗಿಲಲ್ಲಿ ಎಲುಬಿನ ಹಂದರದಂಥ ಎರಡು ಬೇತಾಳಗಳು ನಿಂತಿವೆ. ಚಿಕ್ಕವರಿದ್ದಾಗ ನಾವು ಕಣ್ಣು ಮುಚ್ಚಿಕೊಂಡೇ ಅವನ್ನು ದಾಟುತ್ತಿದ್ದೆವು. ರಾಹುತ ಎಂದರೆ ಕುದುರೆ ಸವಾರ. ಆ ಕಾಲದ ಯುದ್ಧವೆಂದರೆ ಕುದುರೆ, ಆನೆ, ಬಿಲ್ಲು, ಕತ್ತಿ. ನಮ್ಮ ಜಿಲ್ಲೆಯ ವೀರಗಲ್ಲುಗಳ ಮುಂದೆ ನಿಂತು ನೋಡಿ, ತುರು ಕಾಯಲು ಹೋಗಿ ಸತ್ತವನ ಕೈಯಲ್ಲಿ ಕತ್ತಿ ಇರುತ್ತದೆ, ಬಿಲ್ಲು ಇರುತ್ತದೆ. ಮದ್ದು ಇನ್ನೂ ನಮ್ಮ ನಾಡಿಗೆ ಕಾಲಿಟ್ಟಿರಲಿಲ್ಲ.

ಮದ್ದು ಹುಟ್ಟಿದ್ದು ಚೀನಾದಲ್ಲಿ. ಸಾವುಬಾರದಂಥ ಔಷಧಿ ಹುಡುಕುತ್ತಿದ್ದ ಅಲ್ಲಿನ ರಸವಾದಿಗಳ ಕೈಗೆ ಒಂಬತ್ತನೆಯ ಶತಮಾನದ ಹೊತ್ತಿಗೆ ಅದು ಸಿಕ್ಕಿತು. ಚೀನೀ ಭಾಷೆಯಲ್ಲೂ ಅದರ ಹೆಸರಿಗೆ ಬೆಂಕಿಯ ಔಷಧಿ ಎಂದೇ ಅರ್ಥವಂತೆ. ಹಾಗಾದರೆ ನಮ್ಮ ಹುಡುಗನ ಉತ್ತರಕ್ಕೆ ಇನ್ನರ್ಧ ಅಂಕ ಕೊಡಬಹುದಿತ್ತೇನೋ. ಕರ್ನಾಟಕದಲ್ಲಿ ಅದರ ಸದ್ದು ಇತಿಹಾಸದ ಪುಟಗಳಲ್ಲಿ ಸ್ಪಷ್ಟವಾಗಿ ಕೇಳುವುದು ಹದಿನೈದನೆಯ ಶತಮಾನದಲ್ಲಿ. 1472ರಲ್ಲಿ ಬಹಮನಿ ಮಂತ್ರಿ ಮಹಮೂದ್ ಗವಾನ ಬೆಳಗಾವಿಯ ಕೋಟೆಗೆ ಮುತ್ತಿಗೆ ಹಾಕಿದಾಗ ಗೋಡೆಯಡಿ ಸುರಂಗ ತೋಡಿಸಿ ಮದ್ದು ತುಂಬಿಸಿ ಹಾರಿಸಿದ. 1520ರಲ್ಲಿ ರಾಯಚೂರಿನಲ್ಲಿ ಆದಿಲಶಾಹನ ಬಳಿ ಫಿರಂಗಿಗಳ ಸಾಲೇ ಇತ್ತು. ಆದರೂ ಗೆದ್ದವನು ಕೃಷ್ಣದೇವರಾಯ. ಕೋಟೆಯ ಗೋಡೆಯ ಮೇಲೆ ತಲೆ ಎತ್ತಿದವರನ್ನು ಪೋರ್ಚುಗೀಸ್ ಬಂದೂಕಿನವರು ಗುರಿಯಿಟ್ಟು ಹೊಡೆದು ಅವನಿಗೆ ನೆರವಾದರು. ವಿಜಾಪುರದ ಮಲಿಕ್-ಎ-ಮೈದಾನ್ ತೋಪನ್ನು ಎರಕ ಹೊಯ್ದದ್ದು 1549ರಲ್ಲಿ. ಪ್ರವಾಸಕ್ಕೆ ಹೋದ ಮಕ್ಕಳೆಲ್ಲ ಅದರ ಸಿಂಹದ ಬಾಯಿಗೆ ತಲೆ ಹಾಕಿ ಫೋಟೋ ತೆಗೆಸಿಕೊಳ್ಳುತ್ತಾರೆ.

ತೋಪಿನ ಬಗ್ಗೆ ಪುಸ್ತಕಗಳಲ್ಲಿ ಬೇಕಾದಷ್ಟಿದೆ. ಮದ್ದನ್ನು ಮಾಡಿದವರ ಬಗ್ಗೆ ಕಡಿಮೆ. ಮದ್ದಿಗೆ ಬೇಕಾದದ್ದು ಮೂರು ವಸ್ತು: ಪೆಟ್ಲುಪ್ಪು, ಗಂಧಕ, ಇದ್ದಿಲು. ಗಂಧಕ ಹೊರಗಿನಿಂದ ಬರಬೇಕು. ಪೆಟ್ಲುಪ್ಪು ಮಾತ್ರ ನಮ್ಮ ಹಟ್ಟಿ, ಕೊಟ್ಟಿಗೆ, ಪಾಳುಮನೆಗಳ ಚೌಳು ಮಣ್ಣಿನಲ್ಲೇ ಹುಟ್ಟುತ್ತದೆ. ದನಗಳ ಗಂಜಲ ನೆನೆದ ಮಣ್ಣಿನ ಮೇಲೆ ಬೇಸಗೆಯಲ್ಲಿ ಬೆಳ್ಳಗೆ ಹಿಟ್ಟಿನಂತೆ ಏಳುತ್ತದಲ್ಲ, ಅದನ್ನು ಕೆರೆದು ತಂದು, ನೀರಲ್ಲಿ ಕದಡಿ, ಸೋಸಿ, ಕಾಯಿಸಿ ಪೆಟ್ಲುಪ್ಪು ತೆಗೆಯುವುದು ಉಪ್ಪಾರರ ಕಸುಬುಗಳಲ್ಲೊಂದಾಗಿತ್ತು. ಆ ಮಣ್ಣು ಗುಡಿಸಿ, ಬುಟ್ಟಿಯಲ್ಲಿ ಹೊತ್ತು, ಒಲೆಯ ಮುಂದೆ ಕೂತು ಕಾಯಿಸಿದವರಲ್ಲಿ ಹೆಂಗಸರೆಷ್ಟು ಮಂದಿ ಇದ್ದರೋ, ಯಾವ ಶಾಸನವೂ ಅವರ ಹೆಸರು ಹೇಳುವುದಿಲ್ಲ. ಸಹಜಾದೇವಿಯ ಪುಣ್ಯ ಎಲ್ಲರಿಗೂ ಇರುವುದಿಲ್ಲವಲ್ಲ. ಇದ್ದಿಲಿನಲ್ಲೂ ಆಯ್ಕೆಯುಂಟು. ಗಟ್ಟಿ ಮರದ ಇದ್ದಿಲು ಅಡುಗೆಗೆ ಸರಿ, ಮದ್ದಿಗೆ ಬಾರದು. ಹಗುರವಾದ, ಬೇಗ ಹತ್ತಿಕೊಳ್ಳುವ ಇದ್ದಿಲೇ ಬೇಕು. ವಿಲಾಯತಿಯಲ್ಲಿ ವಿಲೋ ಮರದಿಂದ ಮಾಡಿದರೆ, ಬಂಗಾಳದಲ್ಲಿ ಕಂಪನಿಯವರು ತೊಗರಿ ಕಡ್ಡಿಯ ಇದ್ದಿಲನ್ನು ಬಳಸಿದರು. ತೊಗರಿ ಬೇಳೆ ಸಾರಿಗೆ, ಕಡ್ಡಿ ತೋಪಿಗೆ!

ಚಿತ್ರದುರ್ಗಕ್ಕೆ ಹೋದವರು ಒನಕೆ ಓಬವ್ವನ ಕಿಂಡಿಯನ್ನು ತಪ್ಪದೆ ನೋಡಿ ಬರುತ್ತಾರೆ. ಅಲ್ಲೇ ಕೋಟೆಯೊಳಗಿರುವ ಮದ್ದು ಬೀಸುವ ಕಲ್ಲುಗಳ ಮುಂದೆ ಯಾರೂ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಕಲ್ಲು ಕಟ್ಟಿದ ತಗ್ಗಿನಲ್ಲಿ ನಾಲ್ಕು ಭಾರಿ ಬೀಸುವ ಕಲ್ಲುಗಳು. ನಮ್ಮ ಅಡುಗೆಮನೆಯ ರಾಗಿಕಲ್ಲನ್ನು ರಾಕ್ಷಸರಿಗೆ ಮಾಡಿಕೊಟ್ಟಂತಿವೆ. ಅವನ್ನು ತಿರುಗಿಸಲು ಪ್ರಾಣಿಗಳನ್ನು ಹೂಡುತ್ತಿದ್ದರೆಂದು ಹೇಳುತ್ತಾರೆ. ಮದ್ದನ್ನು ಬೀಸುವಾಗ ಒಂದು ಕಿಡಿ ಸಾಕು, ಎಲ್ಲ ಮುಗಿಯುತ್ತದೆ. ಅದಕ್ಕೇ ಆ ಜಾಗ ಮನೆಗಳ ನಡುವೆ ಇಲ್ಲ. ಒಬ್ಬ ಹೆಣ್ಣುಮಗಳು ಬರೀ ಒನಕೆಯಲ್ಲಿ ಕಾದ ಕೋಟೆ ಅಷ್ಟೊಂದು ಮದ್ದನ್ನು ಬೀಸಿಯೂ 1779ರಲ್ಲಿ ಹೈದರನ ಕೈಸೇರಿತು.

ಮದ್ದಿನ ದೊಡ್ಡ ಶತ್ರು ನೀರು. ಇದು ಮಲೆನಾಡಿನವರಿಗೆ ಗೊತ್ತಿರುವಷ್ಟು ಯಾರಿಗೂ ಗೊತ್ತಿಲ್ಲ. ನಮ್ಮ ಜಿಲ್ಲೆಯ ಮಂಜರಾಬಾದ್ ಕೋಟೆಯನ್ನು ಟಿಪ್ಪು 1792ರಲ್ಲಿ ಎಂಟು ಮೂಲೆಯ ನಕ್ಷತ್ರದಂತೆ ಕಟ್ಟಿಸಿದ. ನಡುವೆ ಶಿಲುಬೆಯಾಕಾರದ ಕೊಳ. ಅದರ ಬಳಿಯಲ್ಲೇ ಮದ್ದಿನ ಎರಡು ನೆಲಮಾಳಿಗೆಗಳು. ಏಪ್ರಿಲ್ ತಿಂಗಳಲ್ಲಿ ಮಕ್ಕಳನ್ನು ಅಲ್ಲಿ ಇಳಿಸಿದರೆ ಮೇಲೆ ಬರಲು ಒಪ್ಪುವುದಿಲ್ಲ, ಅಷ್ಟು ತಂಪು. ಆದರೆ ಆಷಾಢದಲ್ಲಿ ಮೂರು ತಿಂಗಳು ಸೂರ್ಯ ಕಾಣದ ಬೆಟ್ಟದ ಮೇಲೆ, ನೀರಿನ ಪಕ್ಕದಲ್ಲೇ ಮದ್ದನ್ನು ಒಣಗಿದಂತೆ ಇಟ್ಟುಕೊಳ್ಳುವುದು ಹೇಗೆ ಸಾಧ್ಯವಾಯಿತು ಎಂದು ಪ್ರತಿ ಸಲ ಹೋದಾಗಲೂ ಯೋಚಿಸುತ್ತೇನೆ. ಹಪ್ಪಳದ ಡಬ್ಬಿಯನ್ನೇ ಮೆತ್ತಗಾಗದಂತೆ ಕಾಯುವುದು ನಮಗೆ ಕಷ್ಟ.

ಶ್ರೀರಂಗಪಟ್ಟಣದ ಮದ್ದಿನ ಮನೆಗಳನ್ನು ನೀವು ನೋಡಿರಬಹುದು. ದಪ್ಪ ಗೋಡೆ, ಗಾರೆಯ ಕಮಾನು, ಅರ್ಧ ನೆಲದೊಳಗೆ. 1799ರ ಮೇ 2ರಂದು, ಟಿಪ್ಪು ಸಾಯುವುದಕ್ಕೆ ಎರಡು ದಿನ ಮುಂಚೆ, ಇಂಗ್ಲಿಷರ ಗುಂಡೊಂದು ಕೋಟೆಯೊಳಗಿನ ರಾಕೆಟ್ಟುಗಳ ಉಗ್ರಾಣಕ್ಕೆ ಬಿದ್ದು ಭಾರಿ ಸ್ಫೋಟವಾಯಿತು. ಆಗ ಉಳಿದ ಮದ್ದಿನ ಮನೆಗಳಲ್ಲಿ ಒಂದು ಬೆಂಗಳೂರು–ಮೈಸೂರು ಜೋಡಿ ರೈಲು ಹಳಿಗೆ ಅಡ್ಡ ಬಂತು. ಒಡೆಯಲಿಲ್ಲ. 2017ರಲ್ಲಿ ಇಡೀ ಕಟ್ಟಡವನ್ನೇ ಎತ್ತಿ, ನೂರು ಮೀಟರಿಗೂ ಹೆಚ್ಚು ದೂರ ಜರುಗಿಸಿ ಇಟ್ಟರು. ಇನ್ನು 2018ರಲ್ಲಿ ಹೊಸನಗರ ತಾಲ್ಲೂಕಿನ ಬಿದನೂರಿನಲ್ಲಿ ಒಂದು ಪಾಳುಬಾವಿ ತೋಡುವಾಗ ಬಾವಿಯ ಕೆಸರು ಮದ್ದಿನ ವಾಸನೆ ಹೊಡೆಯುತ್ತಿತ್ತಂತೆ. ಅಗೆದು ನೋಡಿದರೆ ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್ ಕೊಳವೆಗಳು! ಇನ್ನೂರು ವರ್ಷ ನೀರಲ್ಲಿ ಬಿದ್ದಿದ್ದರೂ ವಾಸನೆ ಬಿಟ್ಟಿರಲಿಲ್ಲ.

ಆ ವಾಸನೆ ನನಗೆ ಗೊತ್ತು. ಅದನ್ನು ಹೇಳುವ ಮೊದಲು ಕೋವಿಯ ಕಾನೂನನ್ನು ಸ್ವಲ್ಪ ಹೇಳಿಬಿಡುತ್ತೇನೆ.

1857ರ ದಂಗೆ ಎದ್ದದ್ದೇ ಹಲ್ಲಿನಲ್ಲಿ ಕಚ್ಚಿ ಹರಿಯಬೇಕಾಗಿದ್ದ ಕಾಗದದ ತೋಟೆಯಿಂದ. ತೋಟೆಯೆಂದರೆ ಅಳತೆ ಮಾಡಿದ ಮದ್ದನ್ನೂ ಗುಂಡನ್ನೂ ಒಟ್ಟಿಗೆ ಕಟ್ಟಿದ ಪೊಟ್ಟಣ, ಅಷ್ಟೆ. ಅದಕ್ಕೆ ಸವರಿದ ಕೊಬ್ಬು ಯಾವ ಪ್ರಾಣಿಯದೆಂಬ ಸಂಶಯ ಒಂದು ಸಾಮ್ರಾಜ್ಯವನ್ನೇ ಅಲ್ಲಾಡಿಸಿತು. ಅದೇ ವರ್ಷ ಸರ್ಕಾರ ಆಯುಧಗಳನ್ನು ಕಿತ್ತುಕೊಳ್ಳುವ ಕಾಯ್ದೆ ತಂದಿತು. ಈಗಿನ ಬಾಗಲಕೋಟೆ ಜಿಲ್ಲೆಯ ಹಲಗಲಿಯ ಬೇಡರು ಕೊಡುವುದಿಲ್ಲ ಎಂದರು. ಊರನ್ನೇ ಸುಟ್ಟರು, ಹಲವರನ್ನು ಗಲ್ಲಿಗೇರಿಸಿದರು. ಹತ್ತನೇ ತರಗತಿಗೆ ಆ ಲಾವಣಿಯ ಪಾಠ ಮಾಡುವಾಗ ಮಕ್ಕಳು, 'ಮೇಡಂ, ಒಂದು ಕತ್ತಿಗೋಸ್ಕರ ಯಾಕೆ ಸಾಯಬೇಕಿತ್ತು?' ಎಂದು ಕೇಳುತ್ತಾರೆ. ಬೇಟೆಯೇ ಊಟವಾಗಿದ್ದವರ ಕೈಯಿಂದ ಆಯುಧ ಕಸಿದರೆ ಒಲೆಯಿಂದ ಮಡಕೆ ಕಸಿದಂತೆ ಎಂದು ಹೇಳಿದರೆ ಹೆಣ್ಣುಮಕ್ಕಳಿಗೆ ಬೇಗ ಅರ್ಥವಾಗುತ್ತದೆ.

ನಮ್ಮ ಪಕ್ಕದ ಕೊಡಗಿನ ಕಥೆ ಬೇರೆ. ಅರಕಲಗೂಡಿನ ಕಡೆಯಿಂದ ಗಡಿ ದಾಟಿದರೆ ಕೋವಿಯ ಮೇಲಿನ ಮಾತೇ ಬದಲಾಗುತ್ತದೆ. 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಕೊಡವರಿಗೆ ಆಯುಧ ಕಾಯ್ದೆಯಿಂದ ವಿನಾಯಿತಿ ಕೊಟ್ಟರು. ಸ್ವಾತಂತ್ರ್ಯ ಬಂದ ಮೇಲೆ 1963ರಲ್ಲಿ ಕೇಂದ್ರ ಸರ್ಕಾರವೂ ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಅದನ್ನು ಮುಂದುವರಿಸಿತು. 2019ರಲ್ಲಿ ಅದನ್ನು 2029ರವರೆಗೆ ವಿಸ್ತರಿಸಿದರು. ಕೋರ್ಟಿಗೆ ಹೋದವರಿದ್ದರು, 2021ರಲ್ಲಿ ಹೈಕೋರ್ಟು ವಿನಾಯಿತಿ ಸರಿಯೆಂದಿತು. ಅಲ್ಲಿ ಗಂಡು ಮಗು ಹುಟ್ಟಿದರೆ ಒಂದು ಈಡು, ಸಾವಾದರೆ ಎರಡು ಈಡು. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಯ ಬಾಯಿಗೆ ತೋಕ್‌ಪೂ ಸಿಕ್ಕಿಸಿ ಪೂಜೆ ಮಾಡುತ್ತಾರೆ. ತೆಂಗಿನಕಾಯಿಗೆ ಗುರಿಯಿಡುವ ಸ್ಪರ್ಧೆಯಲ್ಲಿ ಸೀರೆಯುಟ್ಟ ಹೆಂಗಸರೂ ಹೊಡೆಯುತ್ತಾರೆ. ಹೆಣ್ಣು ಮಗುವಿಗೆ ಈಡು ಯಾಕಿಲ್ಲ ಎಂಬ ಪ್ರಶ್ನೆಯನ್ನು ಆ ಊರಿನ ಅಕ್ಕತಂಗಿಯರಿಗೇ ಬಿಡುತ್ತೇನೆ.

ಮಿಕ್ಕ ನಮಗೆಲ್ಲ 1878ರ ಕಾಯ್ದೆ, ಆಮೇಲೆ 1959ರ ಕಾಯ್ದೆ. ಪರವಾನಗಿ ಬೇಕು. ಕೋವಿಗಷ್ಟೇ ಅಲ್ಲ, ತೋಟೆಗೂ, ಮನೆಯಲ್ಲಿ ತೋಟೆ ತುಂಬುವುದಕ್ಕೂ.

ನಮ್ಮ ದೊಡ್ಡಪ್ಪನಿಗೆ ಬೆಳೆ ಕಾಯುವ ಪರವಾನಗಿ ಇತ್ತು. ಹಂದಿಯ ಕಾಟದಲ್ಲಿ ಆಲೂಗಡ್ಡೆ ಹೊಲ ಒಂದೇ ರಾತ್ರಿಗೆ ಉತ್ತ ಹಾಗಾಗುತ್ತಿತ್ತು. ಅವರ ಕೋವಿ ಊರಲ್ಲೆಲ್ಲ ವಿಚಿತ್ರದ್ದು. ಬೇರೆಯವರ ಬಳಿ ಇದ್ದದ್ದು ಕೇಪಿನ ಕೋವಿ, ಇಲ್ಲವೇ ಹನ್ನೆರಡು ಬೋರಿನ ತೋಟೆ ಕೋವಿ. ಇದು ಒಂಟಿ ನಳಿಗೆಯ, ಸಣಕಲು, ಕೈಕೋಲಿನಂಥ ಕೋವಿ. ಸಕಲೇಶಪುರದ ಕಡೆಯ ತೋಟದ ದೊರೆಯೊಬ್ಬರು ವಿಲಾಯತಿಗೆ ವಾಪಸು ಹೋಗುವಾಗ ಸಾಮಾನು ಮಾರಿದರಂತೆ. ಅದರಲ್ಲಿ ಅವರ ಮಗ ಹಕ್ಕಿ ಹೊಡೆಯುತ್ತಿದ್ದ ಈ ಕೋವಿ ಅಜ್ಜನ ಕೈಸೇರಿತು. ಅಗ್ಗಕ್ಕೆ ಸಿಕ್ಕಿತೆಂದು ತಂದದ್ದು. ಅಗ್ಗದ ಮಾಲಿನ ಮುಂದಿನ ಖರ್ಚು ಆಮೇಲೆ ತಾನೇ ಗೊತ್ತಾಗುವುದು?

ಬೋರಿನ ಲೆಕ್ಕ ಹೆಂಗಸರಿಗೆ ಸುಲಭ. ಒಂದು ಪೌಂಡು ಸೀಸವನ್ನು ಸಮನಾದ ಹನ್ನೆರಡು ಉಂಡೆ ಮಾಡಿ. ಒಂದು ಉಂಡೆ ಸರಿಯಾಗಿ ಹೊಕ್ಕುವ ನಳಿಗೆ ಹನ್ನೆರಡು ಬೋರು. ಅದೇ ಸೀಸದಲ್ಲಿ ಇಪ್ಪತ್ತೆಂಟು ಉಂಡೆ ಕಟ್ಟಿದರೆ ಉಂಡೆ ಚಿಕ್ಕದು, ನಳಿಗೆಯೂ ಸಣ್ಣದು, ಅದು ಇಪ್ಪತ್ತೆಂಟು ಬೋರು. ಲಾಡು ಕಟ್ಟುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಅಂಕಿ ಹೆಚ್ಚಾದಷ್ಟೂ ಲಾಡು ಸಣ್ಣದು. ದೊಡ್ಡಪ್ಪನದು ಇನ್ನೂ ಸಣ್ಣದು, 410 ಎಂದು ಕರೆಯುವುದು. ಇದೊಂದು ಮಾತ್ರ ಉಂಡೆಯ ಲೆಕ್ಕವಲ್ಲ. ಒಂದು ಅಂಗುಲವನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ 410 ಪಾಲು, ಎಂದರೆ ಸುಮಾರು ಹತ್ತೂವರೆ ಮಿಲಿಮೀಟರು. ಉಂಡೆಯ ಲೆಕ್ಕದಲ್ಲಿ ಹೇಳುವುದಾದರೆ ಅರವತ್ತೇಳು ಬೋರಿನ ಆಸುಪಾಸು. ಬ್ರಿಟಿಷರ ಕಾಲದಲ್ಲಿ ಇಲ್ಲಿನ ಪೊಲೀಸರಿಗೆ ಕೊಡುತ್ತಿದ್ದ ಮಸ್ಕೆಟ್ಟೂ ಇದೇ ಅಳತೆಯದು. ಸೈನ್ಯದ ರೈಫಲನ್ನು ಇಷಾಪುರದ ಕಾರ್ಖಾನೆಯಲ್ಲಿ ನುಣುಪು ನಳಿಗೆಗೆ ಬದಲಿಸಿ ಕೊಡುತ್ತಿದ್ದರು. ದೂರಕ್ಕೆ ಗುರಿ ಹೊಡೆಯುವ ಕೋವಿ ಸ್ಥಳೀಯರ ಕೈಯಲ್ಲಿ ಬೇಡವೆಂಬ ಭಯ 1857ರ ನಂತರ ಹೋಗಿರಲಿಲ್ಲ.

ಹನ್ನೆರಡು ಬೋರಿನ ತೋಟೆ ಪೇಟೆಯಲ್ಲಿ ಸಿಗುತ್ತಿತ್ತು. ಪುಣೆಯ ಬಳಿ ಖಡ್ಕಿಯ ಸರ್ಕಾರಿ ಕಾರ್ಖಾನೆಯ ಶಕ್ತಿಮಾನ್ ತೋಟೆ. 410ರದು ಹಾಸನದಲ್ಲೂ ಇಲ್ಲ, ಮೈಸೂರಿನಲ್ಲೂ ಅಪರೂಪ. ಆದ್ದರಿಂದ ಕೋವಿಯ ಜೊತೆ ಬಂದಿದ್ದ ಹಿತ್ತಾಳೆಯ ತೋಟೆಗಳನ್ನೇ ಮತ್ತೆ ಮತ್ತೆ ತುಂಬಿಕೊಳ್ಳಬೇಕು. ಮಳೆಗಾಲ ಮುಗಿದು ಹಗಲು ಬಿಸಿಲು ಕಾಣತೊಡಗಿದಾಗ ದೊಡ್ಡಪ್ಪ ಒಂದು ಮಧ್ಯಾಹ್ನ ಜಗಲಿಯಲ್ಲಿ ಗೋಣಿ ಹಾಸಿ ಕೂರುತ್ತಿದ್ದರು. ಸುಟ್ಟ ಕೇಪನ್ನು ಹೊಡೆದು ತೆಗೆಯುವುದು, ಹೊಸ ಕೇಪು ಕೂರಿಸುವುದು, ಮದ್ದು, ಅದರ ಮೇಲೆ ಹಳೆಯ ಕಂಬಳಿಯಿಂದ ಕತ್ತರಿಸಿದ ಬಿಲ್ಲೆ, ಆಮೇಲೆ ಸೀಸದ ಚರೆ, ಕೊನೆಗೆ ರಟ್ಟಿನ ಮುಚ್ಚಳ, ಸುತ್ತ ಮೇಣ. ಕಂಬಳಿ ಬಿಲ್ಲೆ ಕತ್ತರಿಸುವುದು ದೊಡ್ಡಮ್ಮನ ಕೆಲಸ. ನಾವು ಮಕ್ಕಳು ಹತ್ತಿರ ಸುಳಿಯುವಂತಿರಲಿಲ್ಲ. ಆ ದಿನ ಸಂಜೆಯವರೆಗೆ ಮನೆಯಲ್ಲಿ ಒಲೆ ಹೊತ್ತುತ್ತಿರಲಿಲ್ಲ, ಬೆಳಗಿನ ರೊಟ್ಟಿ, ಮಜ್ಜಿಗೆಯೇ ಊಟ. ಇದು ದೊಡ್ಡಮ್ಮನ ಕಾನೂನು.

ಮದ್ದಿನ ಆಯ್ಕೆಯ ಪ್ರಶ್ನೆ ಬಂದದ್ದು ಆಗ. ದೊಡ್ಡಪ್ಪ ಬಳಸುತ್ತಿದ್ದದ್ದು ಪರವಾನಗಿಯ ಮೇಲೆ ಸಿಗುತ್ತಿದ್ದ ಕರಿಮದ್ದು. ಕರಿಮದ್ದಿನಲ್ಲಿ ಕಾಳಿನ ಗಾತ್ರ ನೋಡಬೇಕು. ದಪ್ಪ ಕಾಳು ನಿಧಾನ, ಸಣ್ಣ ಕಾಳು ಚುರುಕು. ಕೊಳೆ ಬಹಳ. ಹತ್ತು ಈಡಿಗೆ ನಳಿಗೆಯೊಳಗೆ ಮಸಿ ಕಟ್ಟಿ, ಬಿಸಿನೀರಲ್ಲಿ ತೊಳೆಯದಿದ್ದರೆ ಎರಡೇ ದಿನಕ್ಕೆ ತುಕ್ಕು. ಹೊಗೆಯೆಂದರೆ ಹಂದಿ ಓಡಿತೋ ಬಿತ್ತೋ ಕಾಣದಷ್ಟು. ಆದರೆ ಅದರಲ್ಲೊಂದು ಸೌಜನ್ಯವಿದೆ. ಒಂದು ಚಿಟಿಕೆ ಹೆಚ್ಚು ಕಡಿಮೆಯಾದರೆ ಭುಜಕ್ಕೆ ಪೆಟ್ಟಾಗಬಹುದು, ಒಳ್ಳೆಯ ಕೋವಿ ಅದನ್ನು ಸಾಮಾನ್ಯವಾಗಿ ತಡೆದುಕೊಳ್ಳುತ್ತದೆ. ಹಾಗಾಗಿ ಎಲ್ಲರೂ ಅದನ್ನು ಅಳತೆಯ ಕೊಳವೆಯಲ್ಲೇ ತುಂಬುತ್ತಿದ್ದರು, ತೂಗುತ್ತಿರಲಿಲ್ಲ. ಕೇಪಿನ ಕೋವಿಯವರಂತೂ ಗಜ ಎಷ್ಟು ಬೆರಳು ಹೊರಗೆ ಬಂತು ಎಂದು ನೋಡಿ ಹೇಳುತ್ತಿದ್ದರು.

ಇನ್ನೊಂದು ಬಗೆ ಹೊಗೆಯಿಲ್ಲದ ಮದ್ದು. ಇದಕ್ಕೂ ಕರಿಮದ್ದಿಗೂ ಹೆಸರು ಬಿಟ್ಟರೆ ನೆಂಟಸ್ತಿಕೆಯೇ ಇಲ್ಲ. ಇದ್ದಿಲು ಗಂಧಕವಲ್ಲ, ಹತ್ತಿ ಅಥವಾ ಮರದ ನಾರನ್ನು ಆಮ್ಲದಲ್ಲಿ ಹದ ಮಾಡಿದ ರಾಸಾಯನಿಕ. 1860ರ ದಶಕದಲ್ಲಿ ಪ್ರಷ್ಯದ ಷುಲ್ಟ್ಸೆ ಎಂಬ ಸೇನಾಧಿಕಾರಿ ಮರದಿಂದ ಮಾಡಿ ಚರೆ ಕೋವಿಗೆ ಒಪ್ಪಿಸಿದ. 1884ರಲ್ಲಿ ಫ್ರಾನ್ಸಿನ ವಿಯೇಯ್ ರೈಫಲಿಗೆ ಆಗುವಂಥದ್ದು ಮಾಡಿದ. ಆಮೇಲೆ ನೊಬೆಲ್ಲನ ಬ್ಯಾಲಿಸ್ಟೈಟ್, ಇಂಗ್ಲಿಷರ ಕಾರ್ಡೈಟ್. ನಮ್ಮ ಪಕ್ಕದ ನೀಲಗಿರಿಯ ಅರುವಂಕಾಡಿನಲ್ಲಿ ಕಾರ್ಡೈಟ್ ಕಾರ್ಖಾನೆ ಶುರುವಾದದ್ದು 1904ರಲ್ಲಿ. ಊಟಿಯ ಪುಟಾಣಿ ರೈಲಿನಲ್ಲಿ ಹೋಗುವಾಗ ಆ ಹೆಸರಿನ ಸ್ಟೇಷನ್ ಬರುತ್ತದೆ.

ಇಲ್ಲೇ ಒಂದು ತಿರುವಿದೆ. ಹೊಸ ಮದ್ದು ಬಂದಾಗ ವಿಲಾಯತಿಯ ಬೇಟೆಗಾರರೂ ಹಳೆಯ ಅಳತೆಯ ಕೊಳವೆ ಬಿಡಲು ಒಪ್ಪಲಿಲ್ಲ. ಅದಕ್ಕೆ ತಯಾರಕರು, ಕರಿಮದ್ದಿನಷ್ಟೇ ಜಾಗ ತುಂಬುವ ಹಾಗೆ ಹಗುರವಾಗಿ ಉಬ್ಬಿದ ಮದ್ದನ್ನು ಮಾಡಿಕೊಟ್ಟರು. ಹಳೆಯ ಕೊಳವೆಯಲ್ಲೇ ಅಳೆದು ಹಾಕಬಹುದು. ಇದರ ಜೊತೆಗೇ ಇನ್ನೊಂದು ಬಗೆಯ ಗಟ್ಟಿ ಮದ್ದೂ ಪೇಟೆಗೆ ಬಂತು. ಅದನ್ನು ತೂಗಿಯೇ ಹಾಕಬೇಕು, ಹಳೆಯ ಕೊಳವೆ ತುಂಬ ಹಾಕಿದರೆ ಕೋವಿ ಸೀಳುತ್ತದೆ. ಎರಡಕ್ಕೂ ಹೊಗೆಯಿಲ್ಲ, ಎರಡೂ ಡಬ್ಬಿಯಲ್ಲೇ ಬರುತ್ತವೆ. ವ್ಯತ್ಯಾಸವೆಲ್ಲ ಡಬ್ಬಿಯ ಮೇಲಿನ ಸಣ್ಣ ಅಕ್ಷರಗಳಲ್ಲಿ. ಅಮೆರಿಕದಲ್ಲಿ ತೋಟೆಯ ಪೆಟ್ಟಿಗೆಯ ಮೇಲೆ ಇಂದಿಗೂ ಎಷ್ಟು ಡ್ರಾಮಿಗೆ ಸಮ ಎಂದು ಅಚ್ಚು ಹಾಕುವುದುಂಟು. ಒಳಗೆ ಅಷ್ಟು ಮದ್ದಿದೆ ಎಂದು ಅದರ ಅರ್ಥವಲ್ಲ, ಅಷ್ಟು ಡ್ರಾಮು ಕರಿಮದ್ದು ಕೊಡುತ್ತಿದ್ದ ವೇಗವನ್ನು ಇದು ಕೊಡುತ್ತದೆ ಎಂದು. ಅದನ್ನು ತೂಕವೆಂದು ಓದಿಕೊಂಡವನ ಗತಿ ಹೇಳಬೇಕಿಲ್ಲ.

ಸಣ್ಣ ಬೋರಿಗೆ ಈ ಅಪಾಯ ದುಪ್ಪಟ್ಟು. ಹೊಗೆಯಿಲ್ಲದ ಮದ್ದು ಒತ್ತಡ ಏರಿದಷ್ಟೂ ಇನ್ನೂ ಜೋರಾಗಿ ಉರಿಯುತ್ತದೆ, ಜೋರಾಗಿ ಉರಿದಷ್ಟೂ ಒತ್ತಡ ಏರುತ್ತದೆ. ಸೀಟಿ ಕಟ್ಟಿಕೊಂಡ ಪ್ರೆಷರ್ ಕುಕ್ಕರನ್ನು ಕಂಡವರಿಗೆ ಇದು ತಿಳಿಯುತ್ತದೆ. ಹನ್ನೆರಡು ಬೋರಿನ ಅಗಲವಾದ ನಳಿಗೆಗೆ ಚುರುಕಾದ ಮದ್ದು ಸರಿಹೋಗುತ್ತದೆ. 410ರಂಥ ಇಕ್ಕಟ್ಟಾದ ನಳಿಗೆಗೆ ನಿಧಾನವಾಗಿ ಉರಿಯುವುದೇ ಬೇಕು. ಒಂದಕ್ಕೆ ಅಮೃತವಾದದ್ದು ಇನ್ನೊಂದಕ್ಕೆ ವಿಷ. ಇಷ್ಟು ಚಿಕ್ಕ ತೋಟೆಯಲ್ಲಿ ಎರಡು ಕಾಳು ಮೆಣಸಿನಷ್ಟು ಹೆಚ್ಚಾದರೂ ಅದು ದೊಡ್ಡ ಪಾಲು. ಕೊಳಗ ಸಾರಿಗೆ ಒಂದು ಚಮಚ ಉಪ್ಪು ಹೆಚ್ಚಾದರೆ ತಿನ್ನಬಹುದು, ಬಟ್ಟಲು ಗೊಜ್ಜಿಗೆ ಹೆಚ್ಚಾದರೆ?

ನಾನು ಐದನೇ ತರಗತಿಯಲ್ಲಿದ್ದಾಗ ಯಾರೋ ದೊಡ್ಡಪ್ಪನಿಗೆ ಇಂಥದೊಂದು ಡಬ್ಬಿ ತಂದುಕೊಟ್ಟರು. ಹೊಗೆ ಇಲ್ಲ, ಮಸಿ ಇಲ್ಲ, ತೊಳೆಯುವ ಕಷ್ಟವಿಲ್ಲ ಎಂದು ಹೊಗಳಿದರು. ಅದೇ ಡಬ್ಬಿಯಿಂದ ಅರ್ಧವನ್ನು ಪಕ್ಕದ ಹಳ್ಳಿಯ ಅವರ ಸ್ನೇಹಿತರೂ ತೆಗೆದುಕೊಂಡಿದ್ದರು. ದೊಡ್ಡಪ್ಪ ಜಗಲಿಯಲ್ಲಿ ಹಳೆಯ ಕೊಳವೆ ಹಿಡಿದು ಕೂತಾಗ ದೊಡ್ಡಮ್ಮ ಕಂಬಳಿ ಕತ್ತರಿಸುವುದನ್ನು ನಿಲ್ಲಿಸಿ ಡಬ್ಬಿಗೆ ಬೆರಳು ಹಾಕಿ ನೋಡಿದರು. ಹೊಳೆಯುವ ಸಣ್ಣ ಬಿಲ್ಲೆಗಳು. 'ರೀ, ಇದು ಹಳೇದರ ಥರ ಇಲ್ಲ. ಅಕ್ಕಿ ಅಳೆಯೋ ಪಾವಲ್ಲಿ ಅವಲಕ್ಕಿ ಅಳೆದ್ರೆ ತೂಕ ಒಂದೇ ಆಯ್ತದಾ?' ಎಂದರು. ದೊಡ್ಡಪ್ಪನಿಗೆ ರೇಗಿತು. 'ನೀನು ಕೋವಿ ಹೊಡ್ದಿದ್ದೀಯಾ?' ಎಂದರು. 'ಕೋವಿ ಹೊಡ್ದಿಲ್ಲ, ಪಾವು ಹೊಡ್ದಿದ್ದೀನಿ' ಎಂದು ದೊಡ್ಡಮ್ಮ ಡಬ್ಬಿಯನ್ನು ಎತ್ತಿಕೊಂಡು ಹೋಗಿ ತಮ್ಮ ಟ್ರಂಕಿನಲ್ಲಿಟ್ಟು ಬೀಗ ಹಾಕಿ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. ನಾಲ್ಕು ದಿನ ಮನೆಯಲ್ಲಿ ಮಾತಿಲ್ಲ.

ಐದನೆಯ ದಿನ ಸುದ್ದಿ ಬಂತು. ಆ ಸ್ನೇಹಿತರ ಕೋವಿ ಹಿಂಬದಿಯಲ್ಲಿ ಸೀಳಿ ಎಡಗೈಯ ಎರಡು ಬೆರಳು ಹೋಗಿದ್ದವು, ಒಂದು ಕಣ್ಣೂ ಹೋಯಿತು. ಮದುವೆಗೆ ಬಂದ ಮಗಳಿದ್ದ ಮನೆ. ಆ ವರ್ಷ ಅವರ ಗದ್ದೆಯನ್ನು ನಮ್ಮವರೇ ಉತ್ತು ಕೊಟ್ಟರು. ಆಮೇಲೆ ಡಬ್ಬಿಯನ್ನು ತೋಟದ ರೈಟರ್ ಒಬ್ಬರಿಗೆ ತೋರಿಸಿ ಓದಿಸಿದಾಗ, ಅದು ಹನ್ನೆರಡು ಬೋರಿನ ಗಟ್ಟಿ ಮದ್ದು, ತೂಗಿ ಹಾಕತಕ್ಕದ್ದು ಎಂದಿತ್ತಂತೆ. ಬರೆದಿತ್ತು, ಇಂಗ್ಲಿಷಿನಲ್ಲಿ. ಮದ್ದನ್ನು ಮಾರುವುದು ನಮ್ಮ ರೈತರಿಗೆ, ಎಚ್ಚರಿಕೆ ಬರೆಯುವುದು ಅವರಿಗೆ ಬಾರದ ಭಾಷೆಯಲ್ಲಿ. ಗದ್ದೆಗೆ ಹೊಡೆಯುವ ಔಷಧಿಯ ಬಾಟಲಿಗಳಲ್ಲೂ ಈ ಅನ್ಯಾಯವನ್ನು ನಾನು ಎಷ್ಟೋ ಕಾಲ ಕಂಡಿದ್ದೇನೆ. ಅಲ್ಲೂ ಅದು ಮದ್ದೇ.

ದೊಡ್ಡಪ್ಪ ಮತ್ತೆ ಕರಿಮದ್ದಿಗೇ ಬಂದರು. ಮಸಿ ತೊಳೆದುಕೊಂಡರಾಯಿತು ಎಂದರು. ಆದರೆ ಅಂದಿನಿಂದ ಅದನ್ನೂ ತೂಗಿಯೇ ಹಾಕಬೇಕೆಂದು ದೊಡ್ಡಮ್ಮ ಹಟ ಹಿಡಿದರು. ಅಕ್ಕಸಾಲಿಗರಿಂದ ಒಂದು ಹಳೆಯ ಚಿನ್ನದ ತಕ್ಕಡಿ ತರಿಸಿದರು. ಮದ್ದಿನ ಪುಸ್ತಕಗಳ ಲೆಕ್ಕ ಗ್ರೇನಿನಲ್ಲಿ, ನಮ್ಮ ಅಕ್ಕಸಾಲಿಗರ ಲೆಕ್ಕ ಗುಲಗಂಜಿಯಲ್ಲಿ. ಒಂದು ಗುಲಗಂಜಿ ಹತ್ತಿರ ಹತ್ತಿರ ಎರಡು ಗ್ರೇನು. ಗ್ರೇನೆಂದರೂ ಮೂಲದಲ್ಲಿ ಬಾರ್ಲಿಯ ಕಾಳೇ. ಅವರದು ಕಾಳು, ನಮ್ಮದೂ ಕಾಳು. ರೈಟರ್ ಬರೆದುಕೊಟ್ಟ ಚೀಟಿಯನ್ನು ದೊಡ್ಡಮ್ಮ ಗುಲಗಂಜಿಗೆ ಬದಲಿಸಿ ಗೋಡೆಗೆ ಅಂಟಿಸಿದ್ದರು. ಮೂರನೆಯ ಇಯತ್ತೆ ಓದಿದ ಹೆಂಗಸು. ನಾನು ಮುಂದೆ ಬಿ.ಎಡ್. ಮಾಡುವಾಗ ಅನುಪಾತದ ಪಾಠವನ್ನು ನಿಜಜೀವನದ ಉದಾಹರಣೆಯಿಂದ ಕಲಿಸಬೇಕೆಂದು ಹೇಳಿಕೊಟ್ಟರು. ನನಗೆ ಆ ಚೀಟಿ ನೆನಪಾಯಿತು, ಆದರೆ ಪಾಠಯೋಜನೆಯಲ್ಲಿ ಬರೆಯಲಿಲ್ಲ. ಕೋವಿಯ ತೋಟೆ ಎಂದು ಬರೆದರೆ ಪರೀಕ್ಷಕರು ಏನೆನ್ನುತ್ತಿದ್ದರೋ.

ದೊಡ್ಡಪ್ಪ ತೀರಿಕೊಂಡದ್ದು 1994ರಲ್ಲಿ. ಪರವಾನಗಿದಾರ ಸತ್ತರೆ ಕೋವಿಯನ್ನು ಠಾಣೆಗೋ ಅಂಗಡಿಗೋ ಒಪ್ಪಿಸಬೇಕು, ಇಲ್ಲವೇ ವಾರಸುದಾರರು ಹೊಸದಾಗಿ ಪರವಾನಗಿ ಪಡೆಯಬೇಕು. ಗಂಡುಮಕ್ಕಳಿಬ್ಬರೂ ಬೆಂಗಳೂರಿನಲ್ಲಿ. ಒಪ್ಪಿಸಿಬಿಡಿ ಎಂದರು. ದೊಡ್ಡಮ್ಮ ಒಪ್ಪಲಿಲ್ಲ. ಹೊಲ ಕಾಯುವವಳು ನಾನು, ಕೋವಿ ನನ್ನ ಹೆಸರಿಗೆ ಆಗಲಿ ಎಂದು ಅರ್ಜಿ ಹಾಕಿದರು. ಕಚೇರಿಯಲ್ಲಿ, 'ಏನಜ್ಜಿ, ಈ ವಯಸ್ಸಲ್ಲಿ ಕೋವಿ ಯಾಕೆ?' ಎಂದು ನಕ್ಕರಂತೆ. 'ಹಂದಿಗೆ ನನ್ನ ವಯಸ್ಸು ಗೊತ್ತಿಲ್ಲವಲ್ಲ ಸ್ವಾಮಿ' ಎಂದು ಬಂದರು. ಒಂದು ವರ್ಷ ಓಡಾಡಿ ಪರವಾನಗಿ ತಂದರು.

ಅವರು ಒಂದು ಪ್ರಾಣಿಯನ್ನೂ ಕೊಲ್ಲಲಿಲ್ಲ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಅನುಮತಿಯಿಲ್ಲದೆ ಕೊಲ್ಲುವಂತೆಯೂ ಇರಲಿಲ್ಲ. ಚರೆಯಿಲ್ಲದೆ ಬರೀ ಮದ್ದು, ಬಿಲ್ಲೆ ಹಾಕಿ ಆಕಾಶಕ್ಕೆ ಒಂದು ಬೆದರು ಈಡು. ಸದ್ದಿಗೆ, ಹೊಗೆಗೆ ಹಂದಿಯ ಹಿಂಡು ಕೆರೆಯಾಚೆ ಓಡುತ್ತಿತ್ತು. ಕರಿಮದ್ದಿನ ಆ ಹೊಗೆ, ಯಾವುದು ದೊಡ್ಡ ದೋಷವೆಂದು ಎಲ್ಲರೂ ಹೇಳುತ್ತಿದ್ದರೋ ಅದೇ, ಇಲ್ಲಿ ಕೆಲಸಕ್ಕೆ ಬಂತು. ಬಾವಿಯ ಕೆಸರಿನಲ್ಲಿ ಇನ್ನೂರು ವರ್ಷ ಉಳಿದದ್ದು ಇದೇ ವಾಸನೆ, ಕೊಳೆತ ಮೊಟ್ಟೆಯದು, ಸೆರಗಿಗೆ ಹತ್ತಿದರೆ ಎರಡು ಒಗೆತಕ್ಕೂ ಹೋಗದು.

ಈಗ ಬಹಳ ಕಡೆ ಅಷ್ಟು ತಾ‌ಳ್ಮೆಯಿಲ್ಲ. ಹಿಟ್ಟಿನ ಉಂಡೆಯೊಳಗೆ ಸಿಡಿಮದ್ದು ಇಟ್ಟು ಹಂದಿಯ ದಾರಿಯಲ್ಲಿ ಹಾಕುವವರಿದ್ದಾರೆ. ಹಸು ಕಚ್ಚಿ ದವಡೆ ಒಡೆದುಕೊಂಡದ್ದನ್ನು ಓದುತ್ತೇವೆ. 2020ರಲ್ಲಿ ಕೇರಳದಲ್ಲಿ ಬಸುರಿ ಆನೆಯೊಂದು ಹೀಗೆ ಬಾಯಿ ಸಿಡಿದು ನೀರಿನಲ್ಲಿ ನಿಂತೇ ಸತ್ತದ್ದನ್ನು ಇಡೀ ದೇಶ ನೋಡಿತು. ಆಲೂರು, ಸಕಲೇಶಪುರದ ಕಡೆ ಆನೆ ಮನುಷ್ಯರ ಜಗಳದಲ್ಲಿ ಎರಡೂ ಕಡೆ ಸಾಯುತ್ತಿದ್ದಾರೆ. ಬೆಳೆ ಕಳೆದುಕೊಂಡವರ ಸಿಟ್ಟು ನನಗೆ ಅರ್ಥವಾಗುತ್ತದೆ. ಊಟದಲ್ಲಿ ಮದ್ದಿಡುವುದು ಮಾತ್ರ ನಮ್ಮ ಹಳ್ಳಿಗಳು ಎಂದೂ ಕ್ಷಮಿಸದಿದ್ದ ಕೆಲಸ.

ಪ್ರತಿ ಚುನಾವಣೆಗೂ ದೊಡ್ಡಮ್ಮ ಕೋವಿಯನ್ನು ಹಳೆಯ ಸೀರೆಯಲ್ಲಿ ಸುತ್ತಿ ಠಾಣೆಗೆ ಒಪ್ಪಿಸಿ ರಸೀದಿ ತೆಗೆದುಕೊಂಡು ಬರುತ್ತಿದ್ದರು, ಮುಗಿದ ಮೇಲೆ ಹೋಗಿ ತರುತ್ತಿದ್ದರು. ತಂದೊಡನೆ ಬಿಸಿನೀರು ಕಾಯಿಸಿ ನಳಿಗೆ ತೊಳೆಯುವರು, ಕೊಬ್ಬರಿ ಎಣ್ಣೆ ಸವರುವರು. ಕೊನೆಕೊನೆಗೆ ಕೇಪು ಸಿಗುವುದೇ ಕಷ್ಟವಾಯಿತು. ಹಿತ್ತಾಳೆ ತೋಟೆಗಳ ಬಾಯಿ ಸವೆದು ಕೂದಲೆಳೆಯ ಬಿರುಕು ಬಿಟ್ಟಿತು. ಬಿರುಕು ಕಂಡ ತೋಟೆಯನ್ನು ಅವರು ಕಲ್ಲಿನಿಂದ ಜಜ್ಜಿ ಚಪ್ಪಟೆ ಮಾಡುತ್ತಿದ್ದರು, ಯಾರೂ ಆಸೆಯಿಂದ ಮತ್ತೆ ತುಂಬಬಾರದೆಂದು. ಹಾಗೆ ಒಂದೊಂದಾಗಿ ಎಲ್ಲವೂ ಮುಗಿದವು. 2011ರಲ್ಲಿ ಉಳಿದಿದ್ದು ಎರಡು. ಆ ವರ್ಷ ಪರವಾನಗಿಯ ನವೀಕರಣಕ್ಕೆ ಹೋಗದೆ, ನನ್ನನ್ನು ಜೊತೆಗೆ ಕರೆದುಕೊಂಡು ಹೋಗಿ ಕೋವಿಯನ್ನು ಠಾಣೆಗೆ ಒಪ್ಪಿಸಿದರು. ಎರಡು ತೋಟೆಗಳನ್ನೂ ಎಣಿಸಿ ಕೊಟ್ಟು, ರಸೀದಿಯಲ್ಲಿ ತೋಟೆ ಎರಡು ಎಂದು ಬರೆಯುವವರೆಗೆ ಕುರ್ಚಿಯಿಂದ ಏಳಲಿಲ್ಲ.